ಮೂಲೆ ಕಾಯುವವನ ಲೆಕ್ಕ

ಜಾತ್ರೆಯ ಕಬಡ್ಡಿಯಲ್ಲಿ ಮೈಕು ಹಿಡಿದವನಿಗೆ ದಾಳಿಗಾರನ ಮೇಲೆಯೇ ಪ್ರೀತಿ. ‘ಹೊಂಟಾ ನೋಡ್ರಿ ಹುಲಿ’ ಎಂದು ಅವನನ್ನು ನಡುಗೆರೆ ದಾಟಿಸುತ್ತಾನೆ. ‘ಬಂದಾ ನೋಡ್ರಿ, ಎರಡ ತಂದಾ’ ಎಂದು ವಾಪಸು ಕರೆತರುತ್ತಾನೆ. ಊರ ಹಿರಿಯರೊಬ್ಬರು ನೂರರ ನೋಟು ಹಿಡಿದು ಎದ್ದರೆ ಅದೂ ದಾಳಿಗಾರನ ಅಂಗಿಗೇ ಹೋಗುತ್ತದೆ. ಅಂಕಣದ ಎಡಮೂಲೆಯಲ್ಲಿ ಮೊಣಕಾಲು ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ ನಿಂತ ಹುಡುಗನ ಹೆಸರು ಇಡೀ ರಾತ್ರಿಯಲ್ಲಿ ನಾಲ್ಕೈದು ಸಲ ಕೇಳಿಸಿದರೆ ಹೆಚ್ಚು. ಹಿಡಿದಾಗ ಒಂದು ಶಿಳ್ಳೆ. ಹಿಡಿಯಲು ಹೋಗಿ ತಪ್ಪಿದಾಗ ಮಾತ್ರ ಊರಿಗೆ ಊರೇ ಅವನ ಕಡೆ ತಿರುಗಿ ನೋಡುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳು ಭೀಮೆಗೂ ಕೃಷ್ಣೆಗೂ ನಡುವೆ ಹರಡಿಕೊಂಡಿವೆ. ಹಳೆಯ ಮುಂಬಯಿ ಪ್ರಾಂತದ ನೆನಪಿರುವ ಮನೆಗಳಲ್ಲಿ ಈ ಆಟಕ್ಕೆ ‘ಹುತುತು’ ಎಂಬ ಹೆಸರೂ ಉಂಟು. ಪಂಚಮಿಯ ಜೋಕಾಲಿ, ನಿಂಬೆಹಣ್ಣು ಒಗೆಯುವ ಪಂದ್ಯ, ಜಾತ್ರೆಯ ಗುಂಡು ಎತ್ತುವ ಸ್ಪರ್ಧೆ, ಜಂಗೀ ಕುಸ್ತಿ ಇವುಗಳ ಸಾಲಿನಲ್ಲಿಯೇ ಕಬಡ್ಡಿಗೂ ಒಂದು ಜಾಗ. ಖರ್ಚಿಲ್ಲದ ಆಟ. ಚೆಂಡು ಬೇಡ, ಬ್ಯಾಟು ಬೇಡ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಅಂಕಣ ಸಿದ್ಧ. ಹಾಗಿದ್ದೂ ಈ ಆಟದ ಅತ್ಯಂತ ಸೂಕ್ಷ್ಮವಾದ ಕೆಲಸ ಯಾವುದು ಎಂದು ಕೇಳಿದರೆ ನೋಡುಗರಲ್ಲಿ ಹತ್ತಕ್ಕೆ ಎಂಟು ಮಂದಿ ದಾಳಿಯ ಕಡೆಗೇ ಬೆರಳು ತೋರಿಸುತ್ತಾರೆ. ಆ ಎಂಟು ಮಂದಿಯ ಬೆರಳು ತಪ್ಪು ದಿಕ್ಕಿಗಿದೆ.

ಮೂಲೆಯಲ್ಲಿ ನಿಂತವನನ್ನು ಇಂಗ್ಲಿಷಿನವರು ಕಾರ್ನರ್ ಎನ್ನುತ್ತಾರೆ. ಅದೇ ಹೆಸರು ಹಳ್ಳಿಯ ಹುಡುಗರ ಬಾಯಲ್ಲೂ ನಿಂತಿದೆ. ಎಡ ಕಾರ್ನರ್, ಬಲ ಕಾರ್ನರ್. ಈ ಹೆಸರಿನ ಇನ್ನೊಬ್ಬ ಆಟಗಾರ ಏಳು ಸಮುದ್ರದಾಚೆ ಅಮೆರಿಕನ್ ಫುಟ್‌ಬಾಲಿನಲ್ಲಿದ್ದಾನೆ. ಅದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ಮೆತ್ತೆ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡುವ, ಅಥವಾ ದೂರಕ್ಕೆ ಎಸೆಯುವ ಆಟ. ಒಂದು ತಂಡಕ್ಕೆ 11 ಜನ. ಚೆಂಡು ಇದ್ದವರಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಮೈದಾನದ ಅಂಚಿನಲ್ಲಿ ಒಬ್ಬ ವೇಗದ ಓಟಗಾರ ಚೆಂಡು ಹಿಡಿಯಲು ಓಡುತ್ತಾನೆ. ಅವನ ಎದುರಿಗೆ ನಿಂತು ಕಾಯುವವನೇ ಕಾರ್ನರ್‌ಬ್ಯಾಕ್.

ಇವನ ಕಷ್ಟ ವಿಚಿತ್ರವಾದದ್ದು. ಓಡುವವನಿಗೆ ತಾನು ಎಲ್ಲಿ ತಿರುಗುತ್ತೇನೆಂದು ಮೊದಲೇ ಗೊತ್ತು, ಕಾಯುವವನಿಗೆ ಗೊತ್ತಿಲ್ಲ. ಅವನು ಮುಂದೆ ಓಡುತ್ತಾನೆ, ಇವನು ಮೊದಲ ಕೆಲವು ಹೆಜ್ಜೆ ಹಿಂದು ಹಿಂದಕ್ಕೆ ಓಡಬೇಕು. ಕಣ್ಣು ಅವನ ಟೊಂಕದ ಮೇಲಿರಬೇಕು. ತಲೆ ಸುಳ್ಳು ಹೇಳಬಹುದು, ಹೆಗಲು ಸುಳ್ಳು ಹೇಳಬಹುದು, ಟೊಂಕ ತಿರುಗದೆ ಮನುಷ್ಯ ತಿರುಗಲಾರ. ಮೊದಲು ಈ ಕಾವಲುಗಾರರು ಚೆಂಡು ಗಾಳಿಗೆ ಬರುವವರೆಗೂ ಎದುರಾಳಿಯನ್ನು ದಾರಿಯುದ್ದಕ್ಕೂ ತಳ್ಳುತ್ತ ಹೋಗಬಹುದಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೆಲ್ ಬ್ಲೌಂಟ್ ಎಂಬ ದೈತ್ಯ ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ 1978ರಲ್ಲಿ ನಿಯಮವನ್ನೇ ಬದಲಿಸಿ, ಮೊದಲ 5 ಗಜದ ಆಚೆ ಮುಟ್ಟಕೂಡದು ಎಂದು ಮಾಡಿದರು. ಜನ ಅದನ್ನು ಬ್ಲೌಂಟ್ ನಿಯಮ ಎಂದೇ ಕರೆದರು. ಒಬ್ಬ ಕಾವಲುಗಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇರಲಾರದು. 

ಇನ್ನೊಂದು ಸಂಗತಿ ಇಲ್ಲಿಯ ಮಾತಿಗೆ ಹೆಚ್ಚು ಹತ್ತಿರದ್ದು. 2009ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಡ್ಯಾರೆಲ್ ರೆವಿಸ್ ಎಂಬ ಕಾರ್ನರ್ ವಾರ ವಾರವೂ ಎದುರಾಳಿಯ ಅತ್ಯುತ್ತಮ ಓಟಗಾರನನ್ನು ಒಬ್ಬನೇ ಕಾಯುತ್ತಿದ್ದ. ಅವನು ನಿಂತ ಕಡೆಗೆ ‘ರೆವಿಸ್ ದ್ವೀಪ’ ಎಂದು ಹೆಸರು ಬಿತ್ತು. ಆ ದ್ವೀಪಕ್ಕೆ ಹೋದ ಓಟಗಾರನಿಗೆ ಚೆಂಡು ಬರುವುದೇ ಕಷ್ಟ. ಚೆಂಡು ಎಸೆಯುವವರು ಕಣ್ಣು ಹಾಯಿಸಿ, ‘ಆ ಕಡೆ ಬೇಡ’ ಎಂದುಕೊಂಡು ಬೇರೆ ಕಡೆ ಎಸೆಯುತ್ತಿದ್ದರು. ಹೀಗೆ ಎಸೆಯದೇ ಬಿಟ್ಟ ಚೆಂಡುಗಳನ್ನು ಯಾರ ಖಾತೆಗೆ ಬರೆಯಬೇಕು? ಅಮೆರಿಕದವರು ಎಲ್ಲವನ್ನೂ ಎಣಿಸುವ ಜನ. ಒಬ್ಬ ಕಾರ್ನರ್ ಕಡೆಗೆ ಎಷ್ಟು ಸಲ ಚೆಂಡು ಬಂತೆಂಬ ಲೆಕ್ಕವನ್ನೂ ಅವರು ಇಟ್ಟುಕೊಂಡರು. ಜಾತ್ರೆಯ ಕಬಡ್ಡಿಯಲ್ಲಿ ಆ ಲೆಕ್ಕವಿಲ್ಲ. ಆದರೆ ದ್ವೀಪ ಮಾತ್ರ ಇಲ್ಲಿಯೂ ಇದೆ.

ಕಬಡ್ಡಿಯ ಮೂಲೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡಬೇಕು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಬರುವುದು ಆರೂವರೆ ಮೀಟರ್. ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಗೆರೆ. ದಾಳಿಗಾರ ಯಾರನ್ನೂ ಮುಟ್ಟದಿದ್ದರೂ ಅದನ್ನಾದರೂ ದಾಟಿ ಬರಬೇಕು. ಅದರಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಅಲ್ಲಿಂದ ಹಿಂದಿನ ಗೆರೆಗೆ ಉಳಿಯುವುದು 1.75 ಮೀಟರ್, ಎಂದರೆ ಒಬ್ಬ ಎತ್ತರದ ಮನುಷ್ಯ ಉದ್ದಕ್ಕೆ ಮಲಗುವಷ್ಟು ನೆಲ. ಎರಡೂ ಬದಿಯ ಒಂದೊಂದು ಮೀಟರಿನ ಲಾಬಿ, ಮೈಗೆ ಮೈ ತಗಲುವವರೆಗೆ ಆಟಕ್ಕೆ ಸೇರಿದ್ದಲ್ಲ. ಹಿಂದೆ ಗೆರೆ, ಬದಿಗೆ ಗೆರೆ. ಕಾಲು ಹೊರಗಿಟ್ಟರೆ ಯಾರೂ ಮುಟ್ಟದೆಯೇ ಔಟು. ಈ ಸಂದಿಯೇ ಕಾರ್ನರ್‌ನ ಹೊಲ. ಅವನ ಪಕ್ಕಕ್ಕೆ ‘ಇನ್’, ಮುಂದೆ ‘ಕವರ್’, ನಡುವೆ ‘ಸೆಂಟರ್’. ಏಳು ಜನ ಬಿಲ್ಲಿನ ಹಾಗೆ ಬಾಗಿ ನಿಂತರೆ ಬಿಲ್ಲಿನ ಎರಡು ತುದಿಗಳು ಕಾರ್ನರ್‌ಗಳು.

ದಾಳಿಗಾರ ಉಸಿರು ಕಟ್ಟಿ, ಕಬಡ್ಡಿ ಕಬಡ್ಡಿ ಎನ್ನುತ್ತ ಬಂದಾಗ ಮೊದಲು ತುದಿಯನ್ನೇ ಕೆಣಕುತ್ತಾನೆ. ಕೈ ಬೀಸುತ್ತಾನೆ, ಕಾಲ ಬೆರಳು ಚಾಚುತ್ತಾನೆ, ಹೋದ ಹಾಗೆ ಮಾಡಿ ತಿರುಗುತ್ತಾನೆ. ಇದೆಲ್ಲ ಆಮಂತ್ರಣ. ‘ಬಾ, ನನ್ನ ಮೇಲೆ ಬೀಳು’ ಎಂದು ಕರೆಯುವುದು. ಕಾರ್ನರ್ ಬಿದ್ದನೋ, ಅವನು ಗಾಳಿಯನ್ನು ಹಿಡಿದಿರುತ್ತಾನೆ, ದಾಳಿಗಾರ ಅವನ ಬೆನ್ನು ತಟ್ಟಿ ಹೋಗಿರುತ್ತಾನೆ. ಹಿಡಿಯಲು ಹೋದವರು ಎಷ್ಟು ಜನ ಮುಟ್ಟಿದರೋ ಅಷ್ಟು ಅಂಕ ಎದುರಾಳಿಗೆ. ಆದ್ದರಿಂದ ಈ ಸ್ಥಾನದ ಮೊದಲ ಪಾಠ ಹಿಡಿಯುವುದಲ್ಲ, ಹಿಡಿಯದೆ ಇರುವುದು. ಗೆರೆಯ ಹೊರಗೆ ತಲೆಗೆ ರುಮಾಲು ಸುತ್ತಿ ಕುಂತ ಹಳೆಯ ಆಟಗಾರರು ಕೂಗುವುದೂ ಇದನ್ನೇ: ‘ಕೈ ಮಾಡಬ್ಯಾಡೋ ತಮ್ಮಾ, ತಡಿ! ಅಂವಾ ಕಾಲ ಕೊಡೂತನಾ ತಡಿ!’

‘ಕಾಲು ಕೊಡುವುದು’ ಎಂಬ ಈ ಮಾತಿನಲ್ಲಿ ಇಡೀ ವಿದ್ಯೆ ಅಡಗಿದೆ. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ದಾಳಿಗಾರ ಬೋನಸ್ ಗೆರೆ ದಾಟಿ ಒಂದು ಕಾಲು ಊರಿದರೆ ಒಂದು ಅಂಕ. ಆದರೆ ಒಂದು ಷರತ್ತು: ಆ ಕಾಲು ಊರಿದಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಅಂದರೆ ಬೋನಸ್ ಬೇಕಾದರೆ ಅರೆಕ್ಷಣವಾದರೂ ಒಂಟಿಕಾಲಿನಲ್ಲಿ ನಿಲ್ಲಲೇಬೇಕು. ಅದೂ ಎಲ್ಲಿ? ಕಾರ್ನರ್‌ನ ಹೊಲದಲ್ಲಿ. ಇಡೀ ದಾಳಿಯಲ್ಲಿ ಅವನು ಇಷ್ಟು ಬಡವನಾಗುವ ಗಳಿಗೆ ಇನ್ನೊಂದಿಲ್ಲ. ಆ ಗಳಿಗೆಗಾಗಿ ಕಾರ್ನರ್ 20 ಸೆಕೆಂಡು, 25 ಸೆಕೆಂಡು ಕಾಯುತ್ತಾನೆ. ಒಂದು ದಾಳಿಗೆ ಇರುವುದೇ 30 ಸೆಕೆಂಡು.

ಹಾರುವಾಗಲೂ ಲೆಕ್ಕ ಇದೆ. ಎರಡೂ ಕೈಯಲ್ಲಿ ಹಿಡಿಯಬೇಕಾದದ್ದು ಕಾಲ ಹರಡು. ಹಿಮ್ಮಡಿಯ ಮೇಲಿನ ಸಣ್ಣ ಭಾಗ. ಮೀನಖಂಡ ಹಿಡಿದರೆ ಬೆವರಿಗೆ ಜಾರುತ್ತದೆ. ತಲೆಯನ್ನು ಕಾಲಿನ ಹೊರಗಡೆ ಇಡಬೇಕು, ಇಲ್ಲವಾದರೆ ಎದುರಿನವನ ಮೊಣಕಾಲು ಹಲ್ಲಿಗೆ ಬರುತ್ತದೆ. ಹಿಡಿದ ಮೇಲೆ ತನ್ನ ಎದೆಯ ಕಡೆಗೆ ಎಳೆದುಕೊಂಡು ಮೈಯ ಭಾರವೆಲ್ಲ ನೆಲಕ್ಕೆ ಬಿಡಬೇಕು. ಹುಡುಗನ ತಾಯಿ ಬಾಗಿಲಲ್ಲಿ ನಿಂತು, ‘ಆಡಪಾ, ಹಲ್ಲ ಮುರಕೊಂಡ ಬರಬ್ಯಾಡ’ ಎಂದು ಹೇಳುವುದು ಸುಮ್ಮನೆ ಅಲ್ಲ. ಕಾರ್ನರ್ ಆಡಿದವರ ಬೆರಳುಗಳನ್ನು ನೋಡಿದರೆ ಸಾಕು, ಒಂದಾದರೂ ಸೊಟ್ಟಗಿರುತ್ತದೆ.

ಆದರೆ ಹರಡು ಹಿಡಿದವನು ದಾಳಿಗಾರನನ್ನು ಒಬ್ಬನೇ ನಿಲ್ಲಿಸುವುದು ಅಪರೂಪ. 70, 80 ಕಿಲೋ ತೂಕದ ಗಂಡಾಳು ನಡುಗೆರೆಯ ಕಡೆ ಜಿಗಿದರೆ ಕಾಲು ಹಿಡಿದವನನ್ನು ಎಳೆದುಕೊಂಡೇ ಹೋಗುತ್ತಾನೆ; ಅವನ ಬೆರಳ ತುದಿ ಗೆರೆಗೆ ತಾಗಿದರೆ ಮುಗಿಯಿತು. ಅಲ್ಲಿ ಬರಬೇಕಾದವನು ಕವರ್. ಕಾರ್ನರ್ ಕೈ ಹಾಕಿದ ಕ್ಷಣದಲ್ಲಿಯೇ ಅವನು ಬದಿಯಿಂದ ಬಂದು ತೊಡೆಗೋ ಟೊಂಕಕ್ಕೋ ಬೀಳಬೇಕು, ಇಲ್ಲವೆ ಎದೆ ಕೊಟ್ಟು ದಾರಿ ಕಟ್ಟಬೇಕು. ಒಂದು ಕ್ಷಣ ಮೊದಲು ಬಂದರೆ ದಾಳಿಗಾರ ಎಚ್ಚರಗೊಳ್ಳುತ್ತಾನೆ, ಒಂದು ಕ್ಷಣ ತಡವಾದರೆ ಗೆರೆ ಮುಟ್ಟುತ್ತಾನೆ. ಇದು ಕೂಗಿ ಹೇಳಿ ಮಾಡುವ ಕೆಲಸ ಅಲ್ಲ. ಕಾರ್ನರ್ ಯಾವಾಗ ಹಾರುತ್ತಾನೆಂದು ಕವರ್‌ಗೆ ಅವನ ಹೆಗಲು ನೋಡಿಯೇ ತಿಳಿಯಬೇಕು. ಎತ್ತುಗಳ ಜೋಡಿ ಕೂಡುವ ಹಾಗೆ ಈ ಜೋಡಿ ಕೂಡಲು ವರುಷಗಳು ಬೇಕು.

ಈ ನಾಲ್ಕು ತಾಲ್ಲೂಕುಗಳಲ್ಲಿ ಜೋಡಿ ಒಡೆಯುವುದೂ ಸುಲಭ. ಮಳೆ ಕೈ ಕೊಟ್ಟ ವರುಷ ಕವರ್ ಆಡುವವನು ಪುಣೆಗೆ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಇನ್ ಆಡುವವನು ಕುಟುಂಬ ಸಮೇತ ಕಬ್ಬು ಕಡಿಯಲು ಮಹಾರಾಷ್ಟ್ರದ ಕಾರಖಾನೆಯ ಕಡೆಗೆ. ಮುದ್ದೇಬಿಹಾಳದ ಕಡೆಯ ತಾಂಡಾಗಳಿಂದ ಗೋವಾಕ್ಕೆ ಹೋಗುವವರೂ ಬಹಳ. ದಾಳಿಗಾರನಿಗೆ ಇದರಿಂದ ಅಷ್ಟು ನಷ್ಟವಿಲ್ಲ. ಅವನ ವಿದ್ಯೆ ಅವನ ಕಾಲಿನಲ್ಲಿದೆ, ಯಾವ ಊರ ತಂಡಕ್ಕೆ ಹೋದರೂ ಜೊತೆಗೇ ಹೋಗುತ್ತದೆ. ಕಾರ್ನರ್‌ನ ಅರ್ಧ ವಿದ್ಯೆ ಮಾತ್ರ ಪಕ್ಕದವನ ಹತ್ತಿರ ಇರುತ್ತದೆ. ಪಕ್ಕದವನು ಬಸ್ಸು ಹತ್ತಿದ ದಿನ ಅದೂ ಬಸ್ಸು ಹತ್ತುತ್ತದೆ. ಜಾತ್ರೆಗೆಂದು ನಾಲ್ಕು ದಿನ ರಜೆ ಹಾಕಿ ಬಂದವರನ್ನು ಕೂಡಿಸಿ ತಂಡ ಕಟ್ಟಿದಾಗ ದಾಳಿ ಚೆನ್ನಾಗಿ ನಡೆಯುತ್ತದೆ, ಹಿಡಿತ ಚೆಲ್ಲಾಪಿಲ್ಲಿಯಾಗುತ್ತದೆ. ನೋಡುವವರು ‘ನಮ್ಮ ಹುಡುಗರಿಗೆ ಹಿಡಿಯಾಕ ಬರೂದಿಲ್ಲ’ ಎಂದು ಎದ್ದು ಹೋಗುತ್ತಾರೆ.

ಹಿಡಿದರೂ ಸಿಗುವುದು ಒಂದೇ ಅಂಕ. ದಾಳಿಗಾರ ಒಂದೇ ಉಸಿರಿನಲ್ಲಿ ಮೂರು ಜನರನ್ನು ಮುಟ್ಟಿ ಬಂದರೆ ಮೂರು. ಅವನನ್ನು ಏಳು ಜನ ಸೇರಿ ಹಿಡಿದರೂ ಒಂದು. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಮಾತ್ರ ಒಂದು ಹೆಚ್ಚಿಗೆ. ಕಾಗದದ ಮೇಲೆ ಇದು ಅನ್ಯಾಯದ ವ್ಯಾಪಾರ ಎಂದು ಕಾಣುತ್ತದೆ. ಆದರೆ ಕಾಗದದಲ್ಲಿ ಕಾಣದ್ದು ಇನ್ನೊಂದಿದೆ. ಹಿಡಿತಕ್ಕೆ ಸಿಕ್ಕ ದಾಳಿಗಾರ ಹೊರಗೆ ಹೋಗಿ ಕೂರಬೇಕು. ಅವನ ತಂಡ ಅಂಕ ಗಳಿಸುವವರೆಗೆ ಅವನಿಗೆ ಜೀವ ಇಲ್ಲ. ಗಳಿಸಿದರೂ ಮೊದಲು ಔಟಾದವನಿಗೆ ಮೊದಲ ಸರದಿ. ಊರ ತಂಡಗಳಲ್ಲಿ ನಿಜವಾಗಿ ದಾಳಿ ಮಾಡಬಲ್ಲವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಅಂಥವನು ಐದು ನಿಮಿಷ ಹೊರಗೆ ಕುಂತನೆಂದರೆ ಆ ಐದು ನಿಮಿಷ ತಂಡಕ್ಕೆ ಕೈಯೇ ಇಲ್ಲ. 40 ನಿಮಿಷದ ಆಟ ಬಹಳ ಸಲ ತಿರುಗುವುದು ಇಂಥ ಐದು ನಿಮಿಷದಲ್ಲಿ. ಆ ಐದು ನಿಮಿಷದ ಗಳಿಕೆಯನ್ನು ಬೇರೆಯವರ ಹೆಸರಿಗೆ ಬರೆದಿರುತ್ತಾರೆ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಟೀವಿಯ ಮುಂದೆ ಕುಂತವರಿಗೆಲ್ಲ ‘ಮಾಡು ಇಲ್ಲವೆ ಮಡಿ’ ದಾಳಿಯ ಪರಿಚಯವಾಯಿತು. ಎರಡು ದಾಳಿ ಸತತವಾಗಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ದಾಳಿಗಾರ ಔಟು. ಆ ಮೂರನೆಯ ದಾಳಿಯನ್ನು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಅದಕ್ಕೆ ಮೊದಲಿನ ಎರಡು ಖಾಲಿ ದಾಳಿ ಹೇಗೆ ಖಾಲಿಯಾದವು ಎಂದು ಕೇಳುವವರು ಕಡಿಮೆ. ದಾಳಿಗಾರ ಎಡಕ್ಕೆ ನೋಡಿದ, ಕಾರ್ನರ್ ಅಲುಗಲಿಲ್ಲ. ಬಲಕ್ಕೆ ಬಂದ, ಅಲ್ಲಿಯವನೂ ಅಲುಗಲಿಲ್ಲ. ಬಾಕ್ ಗೆರೆ ತುಳಿದು ವಾಪಸು ಹೋದ. ಅಷ್ಟೆ. ಅದು ಆಟದ ಅತಿ ಬೇಸರದ 30 ಸೆಕೆಂಡು ಎಂದು ತೋರಿದರೂ ಮೂಲೆ ಕಾಯುವವನ ಸಂಪಾದನೆ ಅದೇ.

ಇದನ್ನು ಭಾರತಕ್ಕೆ ಕಲಿಸಿದವರು ಇರಾನಿನವರು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದಂದಿನಿಂದ 2014ರವರೆಗೆ ಏಳು ಕೂಟಗಳಲ್ಲಿ ಗಂಡಸರ ಚಿನ್ನ ಭಾರತದ್ದೇ. 2014ರ ಇಂಚಿಯೋನ್ ಫೈನಲ್ಲಿನಲ್ಲಿ ಇರಾನ್ ಎರಡೇ ಅಂಕದಿಂದ, 25-27ರಲ್ಲಿ ಸೋತಿತು. ಅದು ಗಂಟೆ ಬಾರಿಸಿದ ಹಾಗೆ ಇತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ. 2018ರಲ್ಲಿ ಜಕಾರ್ತದ ಸೆಮಿಫೈನಲ್ಲಿನಲ್ಲಿ ಭಾರತ 18-27ರಿಂದ ಸೋತೇ ಹೋಯಿತು. ಮರುದಿನ ಹೆಂಗಸರ ಫೈನಲ್ಲಿನಲ್ಲಿಯೂ 24-27. ಭಾರತದ ದಾಳಿಗಾರರು ದೇಶದಲ್ಲೆಲ್ಲ ಹೆಸರಾದವರು. ಅಂಥವರ ತಂಡಕ್ಕೆ ದಕ್ಕಿದ್ದು 18. ಇರಾನ್ ತಂಡದ ನಾಯಕ ಫಜಲ್ ಅತ್ರಾಚಲಿ ಆಡುತ್ತಿದ್ದದ್ದು ಎಡ ಕಾರ್ನರ್. ಪ್ರೊ ಕಬಡ್ಡಿಯಲ್ಲಿ ಹಿಡಿತದಿಂದಲೇ 500 ಅಂಕ ಮುಟ್ಟಿದ ಮೊದಲಿಗನೂ ಅವನೇ.

ಇರಾನಿನಲ್ಲಿ ಕುಸ್ತಿ ಮನೆಮಾತು. ಕಾಲಿಗೆ ಕೈ ಹಾಕಿ ಎಳೆಯುವುದು ಅಲ್ಲಿಯ ಹುಡುಗರಿಗೆ ಮೊದಲೇ ಬಂದಿರುತ್ತದೆ. ಇಲ್ಲಿ ಒಂದು ಮಾತು ಹೇಳದೆ ಇರಲಾಗದು: ವಿಜಯಪುರ ಜಿಲ್ಲೆಯ ಹಳ್ಳಿಗಳಿಗೂ ಕುಸ್ತಿ ಹೊಸದಲ್ಲ. ಗರಡಿಮನೆಯಲ್ಲಿ ಕೆಮ್ಮಣ್ಣು ಮೈಗೆ ಮೆತ್ತಿಕೊಂಡು ಬೆಳೆದ ಹುಡುಗನಿಗಿಂತ ಒಳ್ಳೆಯ ಕಾರ್ನರ್ ಎಲ್ಲಿ ಸಿಕ್ಕಾನು? ಅವನ ಕುತ್ತಿಗೆ ಗಟ್ಟಿ, ಹಿಡಿತ ಗಟ್ಟಿ, ಬೀಳುವುದಕ್ಕೆ ಅಂಜಿಕೆಯಿಲ್ಲ. ಆದರೆ ತಾಲೀಮಿನವರು ಒಂದು ಕಡೆ, ಕಬಡ್ಡಿಯವರು ಇನ್ನೊಂದು ಕಡೆ. ಇವರನ್ನು ಒಂದು ಸಂಜೆಯಾದರೂ ಕೂಡಿಸಬೇಕೆಂಬ ಯೋಚನೆ ಯಾವ ಸಂಘದ ಸಭೆಯಲ್ಲಿ ಬಂದೀತೋ!

ದುಡ್ಡು ಸುರಿಯುವವರಿಗೆ ಮೂಲೆಯ ಬೆಲೆ ಈಗ ಗೊತ್ತಾಗಿದೆ. 2023ರ ಹರಾಜಿನಲ್ಲಿ ಇರಾನಿನ ಮತ್ತೊಬ್ಬ ಎಡ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ ಕೊಟ್ಟದ್ದು 2 ಕೋಟಿ 35 ಲಕ್ಷ ರೂಪಾಯಿ. 2024ರ ಮಾರ್ಚಿನಲ್ಲಿ ಪುಣೆ ಚಾಂಪಿಯನ್ ಆಯಿತು. ಮುಂದಿನ ಸಲ ಅವನು ಹರಿಯಾಣ ಸ್ಟೀಲರ್ಸ್‌ಗೆ ಹೋದ. 2024ರ ಡಿಸೆಂಬರಿನಲ್ಲಿ ಹರಿಯಾಣ ಚಾಂಪಿಯನ್ ಆಯಿತು. ಒಬ್ಬನಿಂದಲೇ ಆದದ್ದು ಎನ್ನಲಾಗದು, ಆದರೆ ಕಾಕತಾಳೀಯ ಎನ್ನಲೂ ಮನಸ್ಸು ಬರದು. ಪುಣೆಯ ಆ ತಂಡವನ್ನು ತಿದ್ದಿದವರು ಕರ್ನಾಟಕದವರೇ ಆದ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿಯವರು, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ಪು ಗೆದ್ದುಕೊಟ್ಟವರು. ಹಿಡಿತದ ಮರ್ಮ ಬಲ್ಲ ಗುರು ರಾಜ್ಯದಲ್ಲಿಯೇ ಇದ್ದಾರೆಂದಾಯಿತು. ಆದರೂ ಲೀಗಿನಲ್ಲಿ ಹೆಸರು ಮಾಡಿದ ಕನ್ನಡದ ಹುಡುಗರನ್ನು ನೆನೆದರೆ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಎಂದು ದಾಳಿಗಾರರ ಹೆಸರೇ ಮೊದಲು ನಾಲಿಗೆಗೆ ಬರುತ್ತದೆ. ಹೆಂಗಸರಲ್ಲಿ ಅರ್ಜುನ ಪಡೆದ ಮಮತಾ ಪೂಜಾರಿಯೂ ದಾಳಿಗೇ ಪ್ರಸಿದ್ಧರು.

ಇನ್ನು ನೆಲದ ಮಾತು. ಈ ಸೀಮೆಯ ಎರೆ ಮಣ್ಣು ಬಿಳಿಜೋಳಕ್ಕೆ ತಾಯಿ, ಕಬಡ್ಡಿಗೆ ಮಲತಾಯಿ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿ ಹೆಜ್ಜೆ ಕೀಳಗೊಡುವುದಿಲ್ಲ, ಬೇಸಿಗೆಯಲ್ಲಿ ಬಿರಿದು ಕಲ್ಲಾಗುತ್ತದೆ. ದಾಳಿಗಾರ ನಿಂತು ಓಡುವವನು. ಅವನಿಗೆ ಹೇಗೋ ನಡೆದೀತು. ಕಾರ್ನರ್‌ನ ಆಟವೆಲ್ಲ ಮೊಣಕೈ, ಮೊಣಕಾಲು, ಎದೆಯ ಮೇಲೆ. ಒಣಗಿದ ಎರೆಯ ಮೇಲೆ ಒಮ್ಮೆ ಹಾರಿದವನು ಎರಡನೆಯ ಸಲ ಹಾರುವ ಮುಂಚೆ ಯೋಚನೆ ಮಾಡುತ್ತಾನೆ; ಯೋಚನೆ ಮಾಡಿದ ಕಾರ್ನರ್‌ಗೆ ಕಾಲು ಸಿಗುವುದಿಲ್ಲ. ಮಸಾರಿ ಮಣ್ಣು ತರಿಸಿ, ಸೋಸಿ, ಹದ ಮಾಡಿ ಹಾಸುವ ಊರುಗಳಲ್ಲಿ ಹಿಡಿತ ಚೆನ್ನಾಗಿ ಬೆಳೆಯುವುದಕ್ಕೆ ಇದೊಂದೇ ಕಾರಣ ಸಾಕು.

ಮ್ಯಾಟಿನ ಕಥೆ ಬೇರೆ. ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟಿನ ಮೇಲೆ, ಬೂಟು ಹಾಕಿಕೊಂಡು. ಬರಿಗಾಲಿನ ಹರಡು ಹಿಡಿದು ಕಲಿತವನ ಕೈಗೆ ಅಲ್ಲಿ ಬೂಟಿನ ಅಂಚು ಸಿಗುತ್ತದೆ, ಹಿಡಿತ ಒಂದು ಬೆರಳು ಮೇಲೆ ಹೋಗಬೇಕಾಗುತ್ತದೆ. ಬೂಟು ಮ್ಯಾಟಿಗೆ ಕಚ್ಚುವುದರಿಂದ ದಾಳಿಗಾರ ತಿರುಗುವುದೂ ಬೇಗ. ಅದೇ ಕಚ್ಚುವಿಕೆಯಿಂದ ಮೊಣಕಾಲು ತಿರುಚಿ ವರುಷಗಟ್ಟಲೆ ಮನೆಯಲ್ಲಿ ಕೂರುವ ಹುಡುಗರೂ ಇದ್ದಾರೆ. ಹಳ್ಳಿಯ ಹುಡುಗ ಮ್ಯಾಟನ್ನು ಮೊದಲ ಸಲ ತುಳಿಯುವುದು ಬಹಳ ಸಲ ಆಯ್ಕೆಯ ದಿನವೇ.

ಆ ಆಯ್ಕೆಯ ದಿನವೇ ಕಾರ್ನರ್‌ನ ಬಾಳಿನ ದೊಡ್ಡ ಅನ್ಯಾಯ. ದಸರಾ ಕ್ರೀಡಾಕೂಟ ಇರಲಿ, ಶಾಲಾ ಕೂಟ ಇರಲಿ, ತಾಲ್ಲೂಕು ದಾಟಿ ಜಿಲ್ಲೆ, ಜಿಲ್ಲೆ ದಾಟಿ ಬೆಳಗಾವಿ ವಿಭಾಗ ಎಂದು ಮೇಲೆ ಹೋದಂತೆ ಬೇರೆ ಬೇರೆ ಊರಿನವರನ್ನು ಕಲೆಹಾಕಿ ನೋಡುವ ಹೊತ್ತು ಬರುತ್ತದೆ. ಇಂಡಿಯವನೊಬ್ಬ, ಬಾಗೇವಾಡಿಯವನೊಬ್ಬ, ಸಿಂದಗಿಯವರಿಬ್ಬರು; ಹಿಂದಿನ ದಿನದವರೆಗೆ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ದಾಳಿಗಾರನನ್ನು ಕರೆದು ‘ಹೋಗು’ ಎಂದರೆ 30 ಸೆಕೆಂಡಿನಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿ ಬರುತ್ತಾನೆ. ಕಾರ್ನರ್ ಏನು ತೋರಿಸಬೇಕು? ಅವನು ಹರಡು ಹಿಡಿಯುತ್ತಾನೆ, ಪಕ್ಕದ ಅಪರಿಚಿತ ಕವರ್ ಒಂದು ಕ್ಷಣ ತಡ ಮಾಡುತ್ತಾನೆ, ದಾಳಿಗಾರ ಗೆರೆ ಮುಟ್ಟುತ್ತಾನೆ. ಆಯ್ಕೆದಾರರ ಪಟ್ಟಿಯಲ್ಲಿ ‘ಹಿಡಿತ ಸಡಿಲ’ ಎಂದು ಬೀಳುತ್ತದೆ. ಅವನು ಸುಮ್ಮನೆ ನಿಂತು ದಾಳಿಗಾರನನ್ನು ಖಾಲಿ ಕೈಯಲ್ಲಿ ಕಳಿಸಿದ್ದರೆ ಏನೂ ಬೀಳುವುದಿಲ್ಲ. ಏನೂ ಬೀಳದವನನ್ನು ಯಾರು ಆರಿಸುತ್ತಾರೆ?

ಈ ಪಟ್ಟಿಯ ಹಿಂದೆ ಆಟ ಮಾತ್ರವಲ್ಲ, ಹೊಟ್ಟೆಪಾಡೂ ಇದೆ. ಕಬಡ್ಡಿಯ ಪ್ರಮಾಣಪತ್ರ ಹಿಡಿದು ಪೊಲೀಸಿಗೋ ರೈಲ್ವೆಗೋ ಸೇನೆಗೋ ಸೇರುವ ದಾರಿಯನ್ನು ನಂಬಿ ಆಡುವ ಹುಡುಗ ಹುಡುಗಿಯರು ಈ ತಾಲ್ಲೂಕುಗಳಲ್ಲಿ ಕಡಿಮೆಯೇನಲ್ಲ. ಮೂರು ಎಕರೆ ಒಣಬೇಸಾಯದ ಮನೆಯ ಮಗ ಎರಡು ವರುಷ ಆಟಕ್ಕೆ ಕೊಟ್ಟನೆಂದರೆ ಆ ಎರಡು ವರುಷ ಅವನ ಅಣ್ಣ ಒಬ್ಬನೇ ಕಬ್ಬು ಕಡಿದಿರುತ್ತಾನೆ. ಆಯ್ಕೆ ತಪ್ಪಿದ ದಾಳಿಗಾರನಿಗೆ ಮುಂದಿನ ಜಾತ್ರೆಯಲ್ಲಿ ಇನ್ನೊಂದು ಊರಿನವರು ಖರ್ಚು ಕೊಟ್ಟು ಕರೆದೊಯ್ಯುತ್ತಾರೆ. ಆಯ್ಕೆ ತಪ್ಪಿದ ಕಾರ್ನರ್ ಅಣ್ಣನ ಜೊತೆಗೆ ಲಾರಿ ಹತ್ತುತ್ತಾನೆ. ಹಾಗಾಗಿಯೇ ಬುದ್ಧಿವಂತ ಹುಡುಗರು ಹತ್ತನೇ ಇಯತ್ತೆ ಮುಗಿಯುವುದರೊಳಗೆ ಮೂಲೆ ಬಿಟ್ಟು ದಾಳಿಗೆ ನಿಲ್ಲುತ್ತಾರೆ. ಅವರನ್ನು ಬಯ್ಯುವಂತಿಲ್ಲ.

ಪಂದ್ಯಾವಳಿಗಳ ಕರಪತ್ರದಲ್ಲಿ ‘ಉತ್ತಮ ದಾಳಿಗಾರ’ನ ಪಕ್ಕದಲ್ಲಿ ‘ಉತ್ತಮ ಹಿಡಿತಗಾರ’ ಎಂಬ ಬಹುಮಾನವನ್ನೂ ಅಚ್ಚು ಹಾಕಿಸುವುದುಂಟು. ಒಳ್ಳೆಯದೇ. ಆದರೆ ಅದನ್ನು ಕೊಡುವುದು ಎಷ್ಟು ಹಿಡಿದ ಎಂಬುದರ ಮೇಲೆ. ಹೆಚ್ಚು ಹಿಡಿದವನ ಕಡೆಗೆ ಹೆಚ್ಚು ಜನ ಬಂದಿದ್ದರು ಎಂದೂ ಅದಕ್ಕೆ ಅರ್ಥ ಮಾಡಬಹುದು. ಆಚೆ ಮೂಲೆಯವನ ಕಡೆಗೆ ದಾಳಿಗಾರ ಕಣ್ಣೆತ್ತಿ ನೋಡಲೇ ಇಲ್ಲ ಎಂಬುದು ಲೆಕ್ಕಕ್ಕೆ ಬಂದಿಲ್ಲ. ದೊಡ್ಡ ತಂಡಗಳ ತರಬೇತುದಾರರು ಆಡಿದ್ದನ್ನೆಲ್ಲ ಚಿತ್ರೀಕರಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿ ಇದನ್ನು ತಿಳಿದುಕೊಳ್ಳುತ್ತಾರೆ. ಹಳ್ಳಿಯ ಪಂದ್ಯಕ್ಕೆ ಅಷ್ಟೆಲ್ಲ ಬೇಕಾಗಿಲ್ಲ. ಅಂಕ ಬರೆಯುವ ಮಾಸ್ತರರ ಪಕ್ಕದಲ್ಲಿ ಏಳನೇ ಇಯತ್ತೆಯ ಒಬ್ಬ ಚುರುಕು ಹುಡುಗನನ್ನು ಕೂರಿಸಿ, ಹಾಳೆಯ ಮೇಲೆ ಎಡ, ಬಲ ಎಂದು ಎರಡು ಮನೆ ಗೆರೆ ಹಾಕಿಕೊಟ್ಟರೆ ಸಾಕು. ದಾಳಿಗಾರ ಯಾವ ಮೂಲೆಗೆ ಹೋದನೋ ಆ ಮನೆಯಲ್ಲಿ ಒಂದು ಗೀಟು. ಖಾಲಿ ಬಂದರೆ ಗೀಟಿನ ತಲೆಗೆ ಒಂದು ಸೊನ್ನೆ. 40 ನಿಮಿಷದಲ್ಲಿ ಎರಡೂ ತಂಡ ಸೇರಿ ಹೆಚ್ಚುಕಡಿಮೆ 80 ದಾಳಿ. ಆಟ ಮುಗಿದ ಮೇಲೆ ಗೀಟುಗಳು ಕಡಿಮೆ, ಸೊನ್ನೆಗಳು ಹೆಚ್ಚು ಇರುವ ಮನೆ ಯಾರದೆಂದು ನೋಡಿ, ಮೈಕಿನವನು ಆ ಹೆಸರನ್ನು ಒಂದು ಸಲ ಕೂಗಲಿ.